ಪಿರ್ಗಿಯ ಕೆತ್ತಿದ ಗೋಡೆಗಳನ್ನು ನೋಡಲು ಹೊರಡುವವರಿಗೆ

ಗ್ರೀಸ್ ಎಂದರೆ ನಮ್ಮಲ್ಲಿ ಬಹುತೇಕರ ಕಣ್ಣಿಗೆ ಕಟ್ಟುವುದು ಸ್ಯಾಂಟೊರಿನಿಯ ಬಿಳಿ ಮನೆಗಳು, ನೀಲಿ ಗುಮ್ಮಟಗಳು. ಏಜಿಯನ್ ಸಮುದ್ರದ ಪೂರ್ವ ಅಂಚಿನಲ್ಲಿ, ಟರ್ಕಿಯ ಕರಾವಳಿಗೆ ಕೂಗಳತೆಯಲ್ಲೇ ಇದೆ ಎನ್ನಬಹುದಾದ ಹಿಯೋಸ್ ದ್ವೀಪದ ಹೆಸರು ಪ್ರವಾಸದ ಜಾಹೀರಾತುಗಳಲ್ಲಿ ಕಾಣಿಸುವುದು ಅಪರೂಪ. ಆ ದ್ವೀಪದ ದಕ್ಷಿಣ ಭಾಗದಲ್ಲಿ ಪಿರ್ಗಿ ಎಂಬ ಹಳ್ಳಿಯಿದೆ. ಅಲ್ಲಿ ಮನೆಗಳ ಮುಂಗೋಡೆಗಳ ಮೇಲೆ, ಬಾಲ್ಕನಿಗಳ ಅಡಿಭಾಗದಲ್ಲಿ, ಕಮಾನುಗಳ ಸುತ್ತ, ಎಲ್ಲೆಲ್ಲೂ ಬೂದುಗಪ್ಪು ಮತ್ತು ಬಿಳಿಯ ತ್ರಿಕೋನ, ವೃತ್ತ, ವಜ್ರಾಕೃತಿಗಳ ಸಾಲುಗಳು. ಇಡೀ ಊರೇ ಹೀಗೆ ಅಲಂಕರಿಸಿಕೊಂಡು ನಿಂತಿರುವುದನ್ನು ಬೇರೆಲ್ಲಿಯೂ ನೋಡುವುದು ಕಷ್ಟ.

ದ್ವೀಪಕ್ಕೆ ಬರುವವರಲ್ಲಿ ಹಲವರು ಪಿರ್ಗಿಯನ್ನು ಒಂದು ಗಂಟೆಯಲ್ಲಿ ಮುಗಿಸಿ ಮುಂದಿನ ಊರಿಗೆ ಹೊರಡುತ್ತಾರೆ. ಹಾಗೆ ಮಾಡಬೇಡಿ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಗೋಡೆಗಳನ್ನು ಹೇಗೆ ಮಾಡಿದರು ಎಂಬುದನ್ನು ಮೊದಲು ತಿಳಿದುಕೊಂಡು, ಅಲ್ಲಿ ಒಂದು ರಾತ್ರಿಯಾದರೂ ಉಳಿದು, ಊರಿನ ಸುತ್ತ ಬೆಳೆಯುವ ಮಸ್ತಿಕ್ ಮರಗಳನ್ನೂ ನೋಡಿದರೆ ಮಾತ್ರ ಪಿರ್ಗಿಯನ್ನು ನೋಡಿದಂತೆ. ಈ ಊರನ್ನು ಕಟ್ಟಿದ್ದೂ, ಕಾಪಾಡಿದ್ದೂ ಆ ಮರದ ತೊಗಟೆಯಿಂದ ಇಳಿಯುವ, ಜಗಿಯಲೂ ಔಷಧಕ್ಕೂ ಬಳಸುವ ಪರಿಮಳದ ರಾಳ.

ಹೊರಡುವ ಮುಂಚೆ: ಗೋಡೆಯ ಗುಟ್ಟು

ದೂರದಿಂದ ನೋಡಿದವರು ಇದನ್ನು ಬಣ್ಣದ ಚಿತ್ರ ಎಂದುಕೊಳ್ಳುತ್ತಾರೆ. ಹತ್ತಿರ ಹೋದರೆ ಗೋಡೆ ಸಮತಟ್ಟಾಗಿಲ್ಲ ಎಂಬುದು ತಿಳಿಯುತ್ತದೆ. ಈ ಕೆಲಸಕ್ಕೆ ಅಲ್ಲಿಯವರು 'ಕ್ಸಿಸ್ತಾ' ಎನ್ನುತ್ತಾರೆ. ಮೊದಲು ಕಪ್ಪು ಛಾಯೆಯ ಮರಳು ಬೆರೆಸಿದ ಗಾರೆಯನ್ನು ಗೋಡೆಗೆ ಬಳಿಯುತ್ತಾರೆ. ಹಿಂದೆ ಈ ಗಾರೆಗೆ ಸುಣ್ಣ ಬಳಸುತ್ತಿದ್ದರು, ಈಗ ಸಿಮೆಂಟೂ ಸೇರುತ್ತದೆ. ಅದರ ಮೇಲೆ ಸುಣ್ಣದ ತೆಳುವಾದ ಬಿಳಿ ಲೇಪ. ಗಾರೆ ಇನ್ನೂ ಹಸಿಯಾಗಿರುವಾಗಲೇ ಅಡ್ಡಗೆರೆಗಳನ್ನು ಎಳೆದು ಗೋಡೆಯನ್ನು ಪಟ್ಟಿಗಳಾಗಿ ವಿಂಗಡಿಸಿ, ಅಳತೆಪಟ್ಟಿ ಮತ್ತು ಕೈವಾರದಿಂದ ಆಕೃತಿಗಳನ್ನು ಗುರುತು ಮಾಡುತ್ತಾರೆ. ನಂತರ ಊಟದ ಫೋರ್ಕಿನಂಥ ಹಲ್ಲಿರುವ ಉಪಕರಣದಿಂದ ಬೇಕಾದ ಜಾಗದಲ್ಲಿ ಬಿಳಿಯನ್ನು ಕೆರೆದು ತೆಗೆಯುತ್ತಾರೆ. ಒಳಗಿನ ಕಪ್ಪು ಹೊರಬರುತ್ತದೆ.

ನಮ್ಮ ಮಲೆನಾಡಿನ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳನ್ನು ಪುಂಡಿನಾರಿನ ಕುಂಚದಿಂದ ಸೇರಿಸುತ್ತಾ ಹೋಗುತ್ತಾರೆ. ಪಿರ್ಗಿಯ ಕೆಲಸಗಾರರು ಇದೇ ಜ್ಯಾಮಿತಿಯನ್ನು ತಿರುಗಿಸಿದಂತೆ, ಬಿಳಿಯನ್ನು ಕಳೆಯುತ್ತಾ ಹೋಗುತ್ತಾರೆ. ಕೆರೆದ ಮೇಲೆ ಮತ್ತೆ ತುಂಬುವುದು ಸುಲಭವಲ್ಲ, ಗಾರೆ ಒಣಗಿದರೆ ಕೆರೆಯಲಿಕ್ಕೂ ಆಗುವುದಿಲ್ಲ. ಆದ್ದರಿಂದ ಒಂದು ಸಲಕ್ಕೆ ಎಷ್ಟು ಗೋಡೆಯನ್ನು ಮುಗಿಸಬಲ್ಲೆ ಎಂಬ ಅಂದಾಜು ಕೆಲಸಗಾರನಿಗೆ ಮೊದಲೇ ಇರಬೇಕು. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಆ ಓಣಿಗಳಲ್ಲಿ ನಡೆದರೆ ಪ್ರತಿಯೊಂದು ತ್ರಿಕೋನದ ಹಿಂದೆಯೂ ಆತುರ ಮತ್ತು ಎಚ್ಚರ ಎರಡೂ ಇದ್ದ ಒಂದು ಕೈ ಕಾಣುತ್ತದೆ.

ಈ ಕಲೆ ಎಲ್ಲಿಂದ ಬಂತು ಎಂಬ ಬಗ್ಗೆ ಎಲ್ಲರೂ ಒಪ್ಪುವ ಉತ್ತರವಿಲ್ಲ. 1346ರಿಂದ 1566ರವರೆಗೆ ದ್ವೀಪ ಇಟಲಿಯ ಬಂದರು ನಗರವಾದ ಜಿನೋವಾದವರ ಕೈಯಲ್ಲಿತ್ತು. ಇಟಲಿಯಲ್ಲೂ ಇಂಥ ಕೆರೆದ ಗಾರೆಯ ಗೋಡೆಗಳಿರುವುದರಿಂದ ಅವರೇ ತಂದಿರಬೇಕು ಎನ್ನುವವರು ಹೆಚ್ಚು. ಕಾನ್‌ಸ್ಟಾಂಟಿನೋಪಲ್‌ನಿಂದ, ಅಂದರೆ ಇಂದಿನ ಇಸ್ತಾಂಬುಲ್‌ನಿಂದ, ಬಂದಿತು ಎನ್ನುವವರೂ ಇದ್ದಾರೆ. ಇಂದು ನಿಮಗೆ ಕಾಣುವ ಗೋಡೆಗಳೆಲ್ಲವೂ ಶತಮಾನಗಳಷ್ಟು ಹಳೆಯವಲ್ಲ. ಗಾರೆ ಉದುರಿದಂತೆ ಮತ್ತೆ ಬಳಿದು ಮತ್ತೆ ಕೆರೆಯುತ್ತಾ ಬಂದಿದ್ದಾರೆ. ಇದರಿಂದ ಊರಿನ ಬೆಲೆ ಕಡಿಮೆಯಾಗುವುದಿಲ್ಲ. ಕೈಕೆಲಸ ಇನ್ನೂ ಬದುಕಿದೆ ಎಂಬುದಕ್ಕೆ ಅದೇ ಸಾಕ್ಷಿ.

ಯಾವಾಗ ಹೋಗಬೇಕು

ನನ್ನ ಆಯ್ಕೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗಿನ ಕಾಲ. ಬೇಸಿಗೆಯ ಉರಿ ಇಳಿದಿರುತ್ತದೆ, ಜನಸಂದಣಿ ಕರಗಿರುತ್ತದೆ, ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ. ಚಳಿಗಾಲಕ್ಕೆಂದು ಸಣ್ಣ ಟೊಮೆಟೊಗಳನ್ನು ದಾರಕ್ಕೆ ಪೋಣಿಸಿ ಬಾಲ್ಕನಿಗಳಿಗೆ ತೂಗುಹಾಕಿರುವುದನ್ನು ನೋಡಬೇಕಾದರೆ ಇದೇ ಹೊತ್ತು. ಕಪ್ಪು-ಬಿಳಿ ಗೋಡೆಯ ಮುಂದೆ ಆ ಕೆಂಪು ಗೊಂಚಲುಗಳು ಎಷ್ಟು ಚೆಂದವಾಗಿ ಒಪ್ಪುತ್ತವೆಂದರೆ ಯಾರೋ ಲೆಕ್ಕ ಹಾಕಿ ಜೋಡಿಸಿದ್ದಾರೆ ಅನ್ನಿಸುತ್ತದೆ. ಆದರೆ ಅದು ಅಡುಗೆಮನೆಯ ದಾಸ್ತಾನು, ಅಷ್ಟೇ.

ಏಪ್ರಿಲ್ ಮತ್ತು ಮೇ ಕೂಡ ಒಳ್ಳೆಯ ತಿಂಗಳುಗಳು. ಹೊಲಗಳಲ್ಲಿ ಹೂ ತುಂಬಿರುತ್ತದೆ. ಹಬ್ಬ ನೋಡಬೇಕೆನ್ನುವವರು ಆಗಸ್ಟ್ 15ಕ್ಕೆ ಹೋಗಬಹುದು. ಅದು ಮಾತೆ ಮೇರಿಯ ಹಬ್ಬ. ಊರಿನ ಚೌಕದಲ್ಲಿ ಪಿರ್ಗಿಯದ್ದೇ ಆದ ಕುಣಿತವಿರುತ್ತದೆ, ಬೇರೆ ಊರುಗಳಿಗೆ ಹೋಗಿ ನೆಲೆಸಿದವರೂ ಮನೆಗೆ ಮರಳುತ್ತಾರೆ. ಆ ದಿನಗಳಲ್ಲಿ ಕೋಣೆಯನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಬಿಸಿಲು ಮತ್ತು ಬಿರುಗಾಳಿ ಎರಡಕ್ಕೂ ಸಿದ್ಧರಾಗಿರಬೇಕು. ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ಬೀಸುವ 'ಮೆಲ್ತೆಮಿ' ಗಾಳಿಗೆ ಹಡಗುಗಳೇ ನಿಂತುಬಿಡುವುದುಂಟು.

ವೀಸಾ ಮತ್ತು ದಾರಿ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ವೀಸಾ, ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು ಪ್ರಯಾಣಕ್ಕೆ 15 ದಿನ ಮುಂಚೆ. ಆದರೆ ಬೇಸಿಗೆ ರಜೆಯ ಹೊತ್ತಿಗೆ ಸಂದರ್ಶನದ ದಿನ ಸಿಗುವುದೇ ಕಷ್ಟವಾಗುವುದರಿಂದ ಎರಡು ಮೂರು ತಿಂಗಳ ಮೊದಲೇ ಅರ್ಜಿ ಹಾಕುವುದು ಜಾಣತನ. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯುರೋ. ಕನಿಷ್ಠ 30,000 ಯುರೋಗಳ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ. ಹಿಯೋಸ್‌ನಿಂದ ಎದುರಿಗೇ ಕಾಣುವ ಟರ್ಕಿಯ ಚೆಶ್ಮೆ ಪಟ್ಟಣಕ್ಕೆ ದೋಣಿಯಲ್ಲಿ ಹೋಗಿಬರುವ ಆಸೆ ಯಾರಿಗೂ ಆಗುತ್ತದೆ. ಹಾಗಿದ್ದರೆ ಒಂದೇ ಪ್ರವೇಶದ ವೀಸಾ ಸಾಲದು: ಒಮ್ಮೆ ದಾಟಿದರೆ ಗ್ರೀಸಿಗೆ ಮರಳಲು ಅದು ಬಿಡುವುದಿಲ್ಲ, ಟರ್ಕಿಗೂ ಬೇರೆ ವೀಸಾ ಬೇಕು. ಅರ್ಜಿ ಹಾಕುವಾಗಲೇ ಹಲವು ಪ್ರವೇಶಗಳ ವೀಸಾ ಕೇಳಿ.

ಬೆಂಗಳೂರಿನಿಂದ ಕೊಲ್ಲಿಯ ನಗರಗಳ ಮೂಲಕವೋ ಇಸ್ತಾಂಬುಲ್ ಮೂಲಕವೋ ಅಥೆನ್ಸ್ ತಲುಪಬಹುದು. ಅಲ್ಲಿಂದ ಮುಂದೆ ಎರಡು ದಾರಿ. ವಿಮಾನದಲ್ಲಿ ಸುಮಾರು ಮುಕ್ಕಾಲು ಗಂಟೆ. ಪಿರೇಯಸ್ ಬಂದರಿನಿಂದ ಹಡಗಿನಲ್ಲಾದರೆ ಏಳರಿಂದ ಒಂಬತ್ತು ಗಂಟೆ. ರಾತ್ರಿ ಹತ್ತಿದರೆ ಬೆಳಗಿನ ಜಾವಕ್ಕೆ ಹಿಯೋಸ್. ಮಲಗುವ ಕೋಣೆಯ ಟಿಕೆಟ್ ತೆಗೆದುಕೊಂಡರೆ ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ. ವಯಸ್ಸಾದವರು ಜೊತೆಗಿದ್ದರೆ ವಿಮಾನವೇ ಸರಿ, ಏಕೆಂದರೆ ಹಡಗು ನಸುಕಿನಲ್ಲಿ ಇಳಿಸಿ ಹೋಗುತ್ತದೆ, ಕೋಣೆಗಳು ಮಧ್ಯಾಹ್ನದವರೆಗೆ ಸಿಗುವುದಿಲ್ಲ.

ಹಡಗುಕಟ್ಟೆಯಲ್ಲಿ ಒಂದು ಎಚ್ಚರ. ಅಲ್ಲಿಯವರು ದ್ವೀಪದ ಹೆಸರನ್ನು 'ಹಿಯೋಸ್' ಎಂದೇ ಕೂಗುತ್ತಾರೆ, ಇಂಗ್ಲಿಷ್ ಅಕ್ಷರ ನೋಡಿ 'ಚಿಯೋಸ್' ಎಂದು ಕೇಳಿದರೆ ತಿಳಿಯದೆ ಹೋಗಬಹುದು. ಇಳಿಯುವ ಘೋಷಣೆಗೆ ಕಿವಿಗೊಡುವಾಗಲೂ ಇದು ನೆನಪಿರಲಿ.

ಹಿಯೋಸ್ ಪಟ್ಟಣದಿಂದ ಪಿರ್ಗಿಗೆ ಸುಮಾರು 25 ಕಿಲೋಮೀಟರ್. ಹಳ್ಳಿಗಳಿಗೆ ಹೋಗುವುದು ಹಸಿರು ಬಸ್ಸುಗಳು, ಪಟ್ಟಣದ ಸುತ್ತಮುತ್ತ ಓಡುವುದು ನೀಲಿ ಬಸ್ಸುಗಳು. ಹಸಿರು ಬಸ್ಸುಗಳು ದಿನಕ್ಕೆ ಕೆಲವೇ, ಭಾನುವಾರ ಇನ್ನೂ ಕಡಿಮೆ. ನಿಲ್ದಾಣದಲ್ಲಿ ಆ ವಾರದ ವೇಳಾಪಟ್ಟಿಯ ಚಿತ್ರ ತೆಗೆದುಕೊಂಡು, ಮರಳುವ ಬಸ್ಸಿನ ಸಮಯವನ್ನು ಮೊದಲೇ ನೋಡಿಟ್ಟುಕೊಳ್ಳಿ. ಕಾರು ಬಾಡಿಗೆಗೆ ಪಡೆಯುವುದಾದರೆ ನಮ್ಮ ಲೈಸೆನ್ಸಿನ ಜೊತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಅದನ್ನು ಊರಿನ ಆರ್‌ಟಿಒ ಕಚೇರಿಯಲ್ಲಿ ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಹಳ್ಳಿಯ ಓಣಿಗಳೊಳಗೆ ಕಾರು ನುಗ್ಗಿಸಲು ಹೋಗಬೇಡಿ, ಊರಿನ ಹೊರಗೆ ನಿಲ್ಲಿಸಿ ನಡೆಯಿರಿ.

ಊರೊಳಗೆ ನಡೆಯುವ ಕ್ರಮ

ಮೊದಲು ಊರಿನ ಅಂಚಿನಲ್ಲಿ ಐದು ನಿಮಿಷ ನಿಲ್ಲಿ. ಹೊರಸಾಲಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದನ್ನು ಗಮನಿಸಿ. ಮೊದಲು ಇವುಗಳ ಹಿಂಗೋಡೆಗಳೇ ಕೋಟೆಯ ಗೋಡೆ. ಹೊರಮುಖಕ್ಕೆ ಬಾಗಿಲು ಕಿಟಕಿಗಳೇ ಇರುತ್ತಿರಲಿಲ್ಲ. ಕಡಲ್ಗಳ್ಳರು ದಾಳಿಯಿಟ್ಟರೆ ಜನ ಒಳಕ್ಕೆ ಸರಿದು ಊರ ನಡುವಿನ ಗೋಪುರ ಸೇರಬೇಕಿತ್ತು. ಆ ಗೋಪುರದ ಉಳಿದ ಭಾಗ ಈಗಲೂ ಇದೆ. ಸಮತಟ್ಟಾದ ಮಾಳಿಗೆಗಳು ಒಂದೇ ಮಟ್ಟದಲ್ಲಿದ್ದುದರಿಂದ ಛಾವಣಿಯಿಂದ ಛಾವಣಿಗೆ ಓಡಬಹುದಿತ್ತು. ಕೆಳ ಅಂತಸ್ತು ದನಕರು ಮತ್ತು ದಾಸ್ತಾನಿಗೆ, ಮೇಲಂತಸ್ತು ಮನುಷ್ಯರಿಗೆ. ಇಷ್ಟೆಲ್ಲ ಕಾವಲು ಕಟ್ಟಿಸಿದವರು ಜಿನೋವಾದವರು. ಅವರು ಕಾಯುತ್ತಿದ್ದ ಸಂಪತ್ತು ಮಸ್ತಿಕ್.

ಅಲ್ಲಿಂದ ಯಾವುದಾದರೂ ಓಣಿ ಹಿಡಿದು ಒಳಗೆ ಹೋದರೆ ಚೌಕಕ್ಕೆ ತಲುಪುತ್ತೀರಿ. ದಾರಿ ತಪ್ಪಿದರೂ ಪರವಾಗಿಲ್ಲ, ಇಲ್ಲಿ ಎಲ್ಲ ಓಣಿಗಳೂ ಕೊನೆಗೆ ಒಳಕ್ಕೇ ಕರೆದೊಯ್ಯುತ್ತವೆ. ನಡೆಯುವಾಗ ತಲೆಯೆತ್ತಿ ನೋಡಿ. ಎರಡು ಮನೆಗಳ ನಡುವೆ ಓಣಿಯ ಮೇಲೆ ಹಾದುಹೋಗುವ ಕಮಾನುಗಳಿವೆ. ಭೂಕಂಪದ ನಾಡಿನಲ್ಲಿ ಅವು ಗೋಡೆಗಳಿಗೆ ಪರಸ್ಪರ ಆಸರೆ. 1881ರ ಭೂಕಂಪ ಈ ದ್ವೀಪವನ್ನು ನಡುಗಿಸಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತ್ತು. ಬಾಲ್ಕನಿಗಳ ತಳಭಾಗವನ್ನೂ ಬಿಡದೆ ಕೆತ್ತಿರುವುದನ್ನು ನೋಡಲು ಬಹಳ ಜನ ಮರೆಯುತ್ತಾರೆ. ನನಗೆ ಇಡೀ ಊರಿನಲ್ಲಿ ಅತ್ಯಂತ ಇಷ್ಟವಾಗುವ ಕೆಲಸವೇ ಅದು. ಮನೆಯೊಳಗಿನವರಿಗೆ ಅದು ಎಂದೂ ಕಾಣುವುದಿಲ್ಲ. ಓಣಿಯಲ್ಲಿ ನಡೆದುಹೋಗುವವರಿಗಾಗಿಯೇ ಮಾಡಿಸಿದ್ದು.

ಚೌಕದಲ್ಲಿ ಅತ್ಯಂತ ದಟ್ಟವಾದ ಅಲಂಕಾರವಿದೆ. ಒಂದು ಗೋಡೆಯನ್ನು ಆರಿಸಿಕೊಂಡು ಮೇಲಿನಿಂದ ಕೆಳಗೆ ಪಟ್ಟಿಪಟ್ಟಿಯಾಗಿ ಓದಿ. ಒಂದು ಪಟ್ಟಿಯಲ್ಲಿ ತ್ರಿಕೋನ, ಮುಂದಿನದರಲ್ಲಿ ಅರ್ಧವೃತ್ತ, ಅದರ ಕೆಳಗೆ ವಜ್ರಾಕೃತಿ, ನಡುವೆ ಎಲ್ಲೋ ಹೂವಿನ ಬಳ್ಳಿ. ಪಕ್ಕದ ಮನೆಯಲ್ಲಿ ಇದೇ ಆಕೃತಿಗಳು ಬೇರೆ ಕ್ರಮದಲ್ಲಿರುತ್ತವೆ. ವೃತ್ತಗಳ ನಡುವೆ ಕೈವಾರ ಊರಿದ ಗುರುತು ಸಿಗುತ್ತದೆಯೇ ಹುಡುಕಿ. ಗೆರೆ ತುಸು ಓರೆಯಾದ ಕಡೆ, ಮೂಲೆಯಲ್ಲಿ ಜಾಗ ಸಾಲದೆ ತ್ರಿಕೋನ ಕಿರಿದಾದ ಕಡೆ ಕಣ್ಣಿಡಿ. ಮುಟ್ಟಬೇಡಿ, ಸಾವಿರ ಕೈಗಳು ಸವರಿದರೆ ಸುಣ್ಣದ ಲೇಪ ಉಳಿಯುವುದಿಲ್ಲ.

ಚೌಕದ ಅಂಚಿನಲ್ಲಿ ಕಮಾನಿನ ಕೆಳಗಿನ ಇಕ್ಕಟ್ಟಾದ ದಾರಿಯೊಂದು ಪವಿತ್ರ ಅಪೊಸ್ತಲರ ಪುಟ್ಟ ಚರ್ಚಿಗೆ ಒಯ್ಯುತ್ತದೆ. ಬೈಜಾಂಟಿಯನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಕಾಲದ ಇಟ್ಟಿಗೆಯ ಕಟ್ಟಡ. ದ್ವೀಪದ ಪ್ರಸಿದ್ಧ ಮಠ ನೇಯಾ ಮೋನಿಯ ಚರ್ಚನ್ನು ಮಾದರಿಯಾಗಿಟ್ಟುಕೊಂಡು ಕಟ್ಟಿದ್ದು. ಒಳಗಿನ ಗೋಡೆಗಳ ತುಂಬ 1665ರಲ್ಲಿ ಬಿಡಿಸಿದ ಭಿತ್ತಿಚಿತ್ರಗಳಿವೆ. ಸುತ್ತಲೂ ಆಕೃತಿಗಳೇ ತುಂಬಿದ ಊರಿನಲ್ಲಿ ಇಲ್ಲಿ ಮಾತ್ರ ಮನುಷ್ಯರ ಮುಖಗಳು ನಿಮ್ಮನ್ನು ನೋಡುತ್ತವೆ. ಬೆಳಗಿನ ಹೊತ್ತಿನಲ್ಲೇ ಹೋಗಿ, ಮಧ್ಯಾಹ್ನದ ನಂತರ ಬಾಗಿಲು ಮುಚ್ಚಿರುವುದೇ ಹೆಚ್ಚು. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಇರಲಿ.

ಒಂದು ಮನೆಯನ್ನು ಕೊಲಂಬಸನ ಮನೆ ಎಂದು ತೋರಿಸುತ್ತಾರೆ. ಅದು ಊರಿನ ನಂಬಿಕೆ. ದಾಖಲೆಗಳು ಅವನನ್ನು ಜಿನೋವಾದವನೆಂದೇ ಹೇಳುತ್ತವೆ. ಆದರೆ ಅಟ್ಲಾಂಟಿಕ್ ದಾಟಿದ ಮೇಲೆ ಬರೆದ ಪತ್ರದಲ್ಲಿ ಅವನು ಹಿಯೋಸ್‌ನ ಮಸ್ತಿಕ್ಕನ್ನು ನೆನೆದದ್ದು ನಿಜ. ಆ ಕಾಲದ ವ್ಯಾಪಾರಿಗಳ ಮನಸ್ಸಿನಲ್ಲಿ ಈ ರಾಳಕ್ಕೆ ಎಂಥ ಸ್ಥಾನವಿತ್ತು ಎಂಬುದು ಅದರಿಂದ ತಿಳಿಯುತ್ತದೆ.

ಬೆಳಕಿನ ವಿಷಯ. ನಡುಹಗಲಿನ ಬಿಸಿಲಿನಲ್ಲಿ ಕೆರೆತದ ಆಳ ಅಳಿಸಿಹೋಗಿ ಗೋಡೆ ಮುದ್ರಿಸಿದ ಕಾಗದದಂತೆ ಚಪ್ಪಟೆಯಾಗುತ್ತದೆ. ಬೆಳಗ್ಗೆ ಮತ್ತು ಸಂಜೆ ಓರೆ ಬೆಳಕು ಬಿದ್ದಾಗ ಪ್ರತಿ ಗೆರೆಯ ಅಂಚಿಗೂ ನೆರಳು ಹುಟ್ಟುತ್ತದೆ. ಊರಿನಲ್ಲಿ ರಾತ್ರಿ ಉಳಿಯಿರಿ ಎಂದು ಒತ್ತಾಯಿಸುವುದು ಮುಖ್ಯವಾಗಿ ಇದಕ್ಕಾಗಿ. ಹಳೆಯ ಮನೆಗಳಲ್ಲೇ ಬಾಡಿಗೆ ಕೋಣೆಗಳಿರುತ್ತವೆ. ಮೆಟ್ಟಿಲುಗಳು ಕಡಿದಾಗಿರುವುದರಿಂದ ಮೊಣಕಾಲು ನೋವಿರುವವರು ಮೊದಲೇ ವಿಚಾರಿಸಿ.

ಇದು ಜನ ಬಾಳುವ ಊರು

ಬಾಗಿಲ ಬಳಿ ಕುಳಿತ ಅಜ್ಜಿಯರು ಪಿರ್ಗಿಯ ಅಲಂಕಾರದ ಭಾಗವಲ್ಲ. ಅವರ ಚಿತ್ರ ತೆಗೆಯುವ ಮೊದಲು 'ಕಾಲಿಮೆರಾ' ಎಂದು ನಮಸ್ಕರಿಸಿ, ಕ್ಯಾಮೆರಾ ತೋರಿಸಿ 'ಬೊರೋ?' ಎಂದು ಕೇಳಿ. ತೆಗೆಯಬಹುದೇ ಎಂದು ಅದರರ್ಥ. ಬೇಡ ಎಂದರೆ ನಕ್ಕು ಮುಂದೆ ನಡೆಯಿರಿ, ಒಪ್ಪಿದರೆ 'ಎಫ್ಖರಿಸ್ತೊ' ಎಂದು ಧನ್ಯವಾದ ಹೇಳಿ. ತೆರೆದ ಬಾಗಿಲಿನೊಳಗೆ ಇಣುಕಬೇಡಿ, ತೂಗುಹಾಕಿದ ಟೊಮೆಟೊ ಕೀಳಬೇಡಿ. ಬೇಸಿಗೆಯಲ್ಲಿ ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ವಿಶ್ರಾಂತಿಯ ಹೊತ್ತು. ಆಗ ಅಂಗಡಿಗಳೂ ಮುಚ್ಚಿರುತ್ತವೆ, ಓಣಿಯ ಮಾತು ನೇರವಾಗಿ ಮಲಗುವ ಕೋಣೆಗೆ ಕೇಳುತ್ತದೆ. ಆ ಸಮಯವನ್ನು ಊರ ಹೊರಗೆ ಕಳೆಯಿರಿ.

ಮಸ್ತಿಕ್ ತೋಟಕ್ಕೆ

ನಮ್ಮ ಯುನಾನಿ ಔಷಧದ ಅಂಗಡಿಗಳಲ್ಲಿ ರೂಮಿ ಮಸ್ತಗಿ ಎಂಬ ಹೆಸರಿನಲ್ಲಿ ಸಿಗುವ ರಾಳ ಇದೇ. ಮರ ಪಿಸ್ತಾ ಕುಲಕ್ಕೆ ಸೇರಿದ್ದು, ಕುಳ್ಳಗೆ, ಗಂಟುಗಂಟಾಗಿ ಬೆಳೆಯುತ್ತದೆ. ಅದರ ಬಂಧುಗಳು ಮೆಡಿಟರೇನಿಯನ್ ತೀರದುದ್ದಕ್ಕೂ ಇದ್ದರೂ ವ್ಯಾಪಾರಕ್ಕೆ ಸಾಲುವಷ್ಟು ರಾಳ ಸುರಿಸುವುದು ದಕ್ಷಿಣ ಹಿಯೋಸ್‌ನಲ್ಲಿ ಮಾತ್ರ. ಬೇಸಿಗೆಯ ಆರಂಭದಲ್ಲಿ ಮರದ ಬುಡವನ್ನು ಗುಡಿಸಿ ಬಿಳಿ ಸುಣ್ಣದ ಪುಡಿ ಹರಡುತ್ತಾರೆ. ಜುಲೈನಿಂದ ತೊಗಟೆಗೆ ಸಣ್ಣ ಸಣ್ಣ ಗಾಯ ಮಾಡುತ್ತಾರೆ. ಹನಿಹನಿಯಾಗಿ ಇಳಿದ ರಾಳ ಎರಡು ಮೂರು ವಾರಗಳಲ್ಲಿ ಗಟ್ಟಿಯಾಗುತ್ತದೆ. ಅದನ್ನು ಆಯ್ದು ತಂದು, ಚಳಿಗಾಲವಿಡೀ ಮನೆಗಳಲ್ಲಿ ಕುಳಿತು ಒಂದೊಂದೇ ಹನಿಯನ್ನು ಚಾಕುವಿನ ತುದಿಯಿಂದ ಹಸನು ಮಾಡುತ್ತಾರೆ.

1566ರ ನಂತರ ಬಂದ ಆಟೊಮನ್ ತುರ್ಕರೂ ಈ ಊರುಗಳಿಗೆ ವಿಶೇಷ ಸವಲತ್ತು ಕೊಟ್ಟಿದ್ದರು. ರಾಳ ಸುಲ್ತಾನನ ಅರಮನೆಗೆ ಹೋಗುತ್ತಿತ್ತು. 1822ರಲ್ಲಿ ಗ್ರೀಕರ ಬಂಡಾಯದ ನೆಪದಲ್ಲಿ ಆಟೊಮನ್ ಪಡೆಗಳು ದ್ವೀಪದ ಮೇಲೆ ನಡೆಸಿದ ಭೀಕರ ನರಮೇಧದಲ್ಲಿ ಈ ಹಳ್ಳಿಗಳು ಬಹುಮಟ್ಟಿಗೆ ಉಳಿದುಕೊಂಡದ್ದಕ್ಕೆ ಕಾರಣವೂ ಇದೇ. ಮಸ್ತಿಕ್ ಬೆಳೆಯುವವರನ್ನು ಕೊಂದರೆ ಮಸ್ತಿಕ್ ಎಲ್ಲಿಂದ ಬರಬೇಕು? ಪಿರ್ಗಿಯ ಗೋಡೆಗಳ ಮುಂದೆ ನಿಂತಾಗ ಈ ಲೆಕ್ಕಾಚಾರವನ್ನು ಮರೆಯಲು ನನ್ನಿಂದ ಸಾಧ್ಯವಾಗುವುದಿಲ್ಲ.

ಊರಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ತೋಟಗಳ ನಡುವೆ, 2016ರಲ್ಲಿ ತೆರೆದ ಮಸ್ತಿಕ್ ವಸ್ತುಸಂಗ್ರಹಾಲಯವಿದೆ. ಬೆಳೆಗಾರರ ಸಂಘ 1938ರಲ್ಲಿ ಸ್ಥಾಪನೆಯಾದ ಬಗೆ, ಸಂಸ್ಕರಣೆಯ ಯಂತ್ರಗಳು, ಹೊರಗೆ ನಿಜವಾದ ಮರಗಳು, ಎಲ್ಲವನ್ನೂ ಅಲ್ಲಿ ನೋಡಬಹುದು. ಮಂಗಳವಾರ ರಜೆ. ಮಸ್ತಿಕ್ ಬೆಳೆಯುವ ಜ್ಞಾನವನ್ನು ಯುನೆಸ್ಕೊ 2014ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೆ ಎರಡು ವರ್ಷ ಮೊದಲು, 2012ರ ಆಗಸ್ಟ್‌ನಲ್ಲಿ, ಕಾಡ್ಗಿಚ್ಚು ದಕ್ಷಿಣದ ಎಷ್ಟೋ ತೋಟಗಳನ್ನು ಸುಟ್ಟಿತ್ತು. ಆದ್ದರಿಂದ ತೋಟದ ಹತ್ತಿರ ಬೀಡಿ ಸಿಗರೇಟು, ಬೆಂಕಿ ಬೇಡವೇ ಬೇಡ.

ಕೊಳ್ಳುವುದಾದರೆ ಪಾರದರ್ಶಕವಾದ, ಕಸವಿಲ್ಲದ ಸಣ್ಣ ಹನಿಗಳನ್ನು ಕೊಳ್ಳಿ. ಬಾಯಿಗೆ ಹಾಕಿಕೊಂಡಾಗ ಮೊದಲು ಪುಡಿಯಾಗಿ ಕಹಿ ಎನಿಸುತ್ತದೆ, ಸ್ವಲ್ಪ ಜಗಿದರೆ ಮೆತ್ತಗಾಗಿ ದೇವದಾರುವಿನಂಥ ಪರಿಮಳ ಬರುತ್ತದೆ. ಬಿಸಿಗೆ ಹನಿಗಳು ಅಂಟಿಕೊಳ್ಳುವುದರಿಂದ ಕಾರಿನಲ್ಲಿ ಬಿಟ್ಟುಹೋಗಬೇಡಿ.

ಊಟ

ಸಸ್ಯಾಹಾರಿಗಳಿಗೆ ಈ ದ್ವೀಪದಲ್ಲಿ ಹಸಿವಿನ ಭಯವಿಲ್ಲ. ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿಗಳ ಒಂದು ವರ್ಗವೇ ಅಲ್ಲಿದೆ, 'ಲಾದೆರಾ' ಎಂದು ಕೇಳಿ. ಹುರುಳಿಕಾಯಿಯ 'ಫಸೊಲಾಕಿಯಾ', ದೊಡ್ಡ ಬಿಳಿ ಅವರೆಯಂಥ ಕಾಳಿನ 'ಗಿಗಾಂತೆಸ್', ಸೊಪ್ಪು ಬೇಯಿಸಿ ನಿಂಬೆ ಹಿಂಡಿದ 'ಹೋರ್ತಾ', ಟೊಮೆಟೊದ ವಡೆಯಂಥ 'ದೊಮಾತೊಕೆಫ್ತೆದೆಸ್' ಎಲ್ಲವೂ ಚೆನ್ನಾಗಿರುತ್ತವೆ. 'ಖೋರಿಸ್ ಕ್ರೇಯಾಸ್' ಎಂದರೆ ಮಾಂಸವಿಲ್ಲದೆ, 'ಖೋರಿಸ್ ಪ್ಸಾರಿ' ಎಂದರೆ ಮೀನಿಲ್ಲದೆ. ಎರಡನ್ನೂ ಹೇಳಬೇಕು. ಉಪವಾಸದ ದಿನಗಳ ಅಡುಗೆಯನ್ನು ನಂಬಿ ಕೂರಬೇಡಿ: ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದಲ್ಲಿ ಹಾಲು ಮೊಟ್ಟೆ ನಿಷಿದ್ಧ, ಆದರೆ ಸೀಗಡಿ, ಕಪ್ಪೆಚಿಪ್ಪು ನಡೆಯುತ್ತದೆ. ಸಂಜೆ ಚೌಕದಲ್ಲಿ ಕುಳಿತು ಮಸ್ತಿಕ್ ಪಾಕವನ್ನು ಚಮಚದಲ್ಲಿ ತಣ್ಣೀರಿನ ಲೋಟಕ್ಕೆ ಇಳಿಸಿ ಕೊಡುವ ಸಿಹಿಯನ್ನು ತಪ್ಪದೆ ತಿನ್ನಿ. ಚಮಚ ನೆಕ್ಕುತ್ತಾ ಹೋಗಿ ಕೊನೆಗೆ ಆ ನೀರು ಕುಡಿಯುವುದು ಪದ್ಧತಿ.

ಎರಡನೆಯ ದಿನ

ಸಮಯವಿದ್ದರೆ ಮೆಸ್ತಾಕ್ಕೆ ಹೋಗಿ. ಅಲ್ಲಿ ಕೆತ್ತನೆ ಕಾಣದಿದ್ದರೂ ಕೋಟೆಹಳ್ಳಿಯ ರೂಪ ಪಿರ್ಗಿಗಿಂತ ಚೆನ್ನಾಗಿ ಉಳಿದಿದೆ. ಎಂಪೊರಿಯೊಸ್ ಬಳಿಯ ಮಾವ್ರಾ ವೋಲಿಯಾ ಕಡಲತೀರದಲ್ಲಿ ಜ್ವಾಲಾಮುಖಿಯ ಕಪ್ಪು ಉರುಟುಕಲ್ಲುಗಳಿವೆ. ಒಂದನ್ನೂ ಎತ್ತಿಕೊಂಡು ಹೋಗುವಂತಿಲ್ಲ. ಪಟ್ಟಣಕ್ಕೆ ಮರಳುವ ದಿನ ಕಾರಿದ್ದರೆ ಬೆಟ್ಟದ ಮೇಲಿನ ನೇಯಾ ಮೋನಿ ಮಠವನ್ನು ಸೇರಿಸಿಕೊಳ್ಳಿ. 11ನೇ ಶತಮಾನದ ಮೊಸಾಯಿಕ್‌ಗಳು, ಅಂದರೆ ಬಣ್ಣದ ಚೂರುಗಳನ್ನು ಜೋಡಿಸಿದ ಚಿತ್ರಗಳು, ಇರುವ ಈ ಮಠ 1990ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. 1822ರಲ್ಲಿ ಅಲ್ಲಿ ಆಶ್ರಯ ಪಡೆದು ಹತರಾದವರ ಮೂಳೆಗಳನ್ನೂ ಇರಿಸಿದ್ದಾರೆ, ಮಕ್ಕಳು ಜೊತೆಗಿದ್ದರೆ ಮೊದಲೇ ತಿಳಿಸಿಟ್ಟಿರಿ.

ಮರಳುವಾಗ ಹಡಗಿನಲ್ಲಿ ಬರುವುದಾದರೆ, ಅಥೆನ್ಸ್‌ನಿಂದ ಊರಿಗೆ ಹೊರಡುವ ವಿಮಾನಕ್ಕೂ ಅದಕ್ಕೂ ನಡುವೆ ಕನಿಷ್ಠ ಒಂದು ಪೂರ್ತಿ ದಿನ ಬಿಡಿ. ಗಾಳಿ ಎದ್ದರೆ ಬಂದರು ಅಧಿಕಾರಿಗಳು ಹಡಗು ಬಿಡುವುದಿಲ್ಲ, ವಿಮಾನ ಕಾಯುವುದಿಲ್ಲ.